ಮರುಭೂಮಿಯ ಚಿತ್ರಪುಸ್ತಕಗಳು ಮತ್ತು ಮಗುವಿನ ಮೊದಲ ಓದು



ಒಂದನೆಯ ತರಗತಿಯನ್ನು ಬಿಟ್ಟು ಮೇಲಿನ ತರಗತಿಗೆ ಹೋಗಲು ಒಪ್ಪದೆ, ಮಕ್ಕಳಿಗೆ ಓದು ಹತ್ತಿಸುವುದನ್ನೇ ಬಾಳಿನ ಕೆಲಸ ಮಾಡಿಕೊಂಡಿದ್ದ ಶಿಕ್ಷಕರೊಬ್ಬರ ನೆನಪಿನಲ್ಲಿ ನಡೆಯುವ ಉಪನ್ಯಾಸ ಇದು. ಮೊದಲ ಓದಿನ ವಿಷಯವನ್ನು ನಾನು ಆರಿಸಿಕೊಳ್ಳಲು ಆ ನೆನಪೇ ಕಾರಣ. ಅವಕಾಶ ಕೊಟ್ಟ ಸಂಸ್ಥೆಗೆ ಕೃತಜ್ಞನಾಗಿದ್ದೇನೆ.

ಆಹ್ವಾನ ಪತ್ರಿಕೆಯಲ್ಲಿ ವಿಷಯವನ್ನು ಕಂಡ ಕೆಲವರು, ಕರ್ನಾಟಕದಲ್ಲಿ ಮರುಭೂಮಿಯೇ ಇಲ್ಲವಲ್ಲ, ನಮ್ಮ ಮಕ್ಕಳಿಗೆ ಓದು ಕಲಿಸಲು ಅದೇಕೆ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಪರಿಚಿತದಿಂದ ಅಪರಿಚಿತಕ್ಕೆ ಎಂಬ ಸೂತ್ರವನ್ನು ತರಬೇತಿ ಕಾಲೇಜಿನಲ್ಲಿ ನಾವೆಲ್ಲ ಕಲಿತಿದ್ದೇವೆ. ಸೂತ್ರ ಸರಿಯಾದದ್ದೇ. ಆದರೆ ಅದನ್ನು ಹಿಡಿದು ನಾವು ಬಹಳ ಸಲ ಪರಿಚಿತದಲ್ಲೇ ನಿಂತುಬಿಡುತ್ತೇವೆ. ಮಗುವಿಗೆ ಕೊಡುವ ಮೊದಲ ಪುಟಗಳಲ್ಲಿ ಮನೆ, ಮರ, ಹಸು, ಬಸ್ಸು. ಎರಡನೆಯ ವರ್ಷವೂ ಅವೇ. ನನ್ನ ವಾದ ಇಷ್ಟು. ಮಗು ಎಂದೂ ಕಾಣದ ಜಾಗದ ಒಂದು ಒಳ್ಳೆಯ ಚಿತ್ರಪುಸ್ತಕ ಮೊದಲ ಓದಿಗೆ ವಿಶೇಷವಾಗಿ ನೆರವಾಗುತ್ತದೆ, ಏಕೆಂದರೆ ಅಲ್ಲಿ ಊಹೆ ಸಾಲುವುದಿಲ್ಲ. ಹಸುವಿನ ಚಿತ್ರದ ಕೆಳಗೆ ಏನು ಬರೆದಿದೆ ಎಂದು ಓದದೆಯೇ ಹೇಳಬಹುದು. ಅರಿಯದ ಪ್ರಾಣಿಯ ಚಿತ್ರದ ಕೆಳಗಿರುವುದನ್ನು ತಿಳಿಯಬೇಕಾದರೆ ಚಿತ್ರವನ್ನು ಸರಿಯಾಗಿ ನೋಡಬೇಕು, ಅಕ್ಷರವನ್ನು ಓದಬೇಕು, ಯಾರನ್ನಾದರೂ ಕೇಳಬೇಕು. ಓದು ಕಲಿಯುವ ಮಗುವಿಗೆ ಬೇಕಾದ ಅಭ್ಯಾಸಗಳು ಇವೇ ತಾನೆ?

ಇಂದಿನ ಮಾತನ್ನು ನಾನು ಒಂದೇ ಮರುಭೂಮಿಗೆ ಸೀಮಿತಗೊಳಿಸಿಕೊಳ್ಳುತ್ತೇನೆ. ಅಮೆರಿಕದ ಆರಿಜೋನ, ಕ್ಯಾಲಿಫೋರ್ನಿಯ ರಾಜ್ಯಗಳಿಂದ ಮೆಕ್ಸಿಕೊದೊಳಕ್ಕೆ ಹಬ್ಬಿರುವ ಸೊನೋರನ್ ಮರುಭೂಮಿ ಅದು. ಆ ಒಂದು ಮರುಭೂಮಿಯ ಸುತ್ತ ಕಳೆದ ಐವತ್ತು ವರ್ಷಗಳಲ್ಲಿ ಬಂದಿರುವ ಮಕ್ಕಳ ಚಿತ್ರಪುಸ್ತಕಗಳ ಸಂಪತ್ತು ಬೆರಗು ಹುಟ್ಟಿಸುವಂಥದು. ಮೊದಲು ಆ ಜಾಗ ಮತ್ತು ಪುಸ್ತಕಗಳ ಪರಿಚಯ ಮಾಡಿಕೊಡುತ್ತೇನೆ. ಆಮೇಲೆ ಅವು ತರಗತಿಯಲ್ಲಿ ಮಾಡುವ ಎರಡು ಕೆಲಸಗಳನ್ನು, ಸದ್ದಿನ ಕೆಲಸ ಮತ್ತು ಕಾಲದ ಕೆಲಸವನ್ನು, ತುಸು ನಿಧಾನವಾಗಿ ನೋಡೋಣ. ಅಲ್ಲಿನ ಜನರ ಬಗ್ಗೆ ಒಂದು ಮಾತು ಹೇಳಿ, ಕೊನೆಗೆ ನಮ್ಮ ಸರಕಾರಿ ಶಾಲೆಗಳ ನಲಿಕಲಿ ಕೊಠಡಿಗೆ ಬರುತ್ತೇನೆ.

ಮಕ್ಕಳಿಗೆ ಮರುಭೂಮಿಯ ಚಿತ್ರ ಬರೆಯಿರಿ ಎಂದು ಹೇಳಿ ನೋಡಿ. ಮರಳಿನ ದಿಬ್ಬ, ಒಂಟೆ, ಎರಡು ಕೈ ಎತ್ತಿ ನಿಂತ ಕಳ್ಳಿ, ಮೇಲೆ ಸೂರ್ಯ. ನಮ್ಮ ಗೋಡೆಪಟಗಳೂ ಅಭ್ಯಾಸ ಹಾಳೆಗಳೂ ಕಲಿಸಿದ ಚಿತ್ರ ಇದು, ಮತ್ತು ಇಂಥ ಜಾಗ ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ಕೈ ಎತ್ತಿ ನಿಂತ ಆ ಕಳ್ಳಿಯ ಹೆಸರು ಸವಾರೊ. ಅದು ಕಾಡಿನಲ್ಲಿ ತಾನಾಗಿ ಬೆಳೆಯುವುದು ಸೊನೋರನ್ ಮರುಭೂಮಿಯಲ್ಲಿ ಮಾತ್ರ, ಅಲ್ಲಿ ಕಾಡೊಂಟೆ ಇಲ್ಲ. ಒಂಟೆಯ ನಾಡಾದ ಥಾರ್‌ನಲ್ಲಿ ಸವಾರೊ ಇಲ್ಲ. ‘ಮರುಭೂಮಿ ಥೀಮ್’ ಎಂದು ಹೆಸರಿಟ್ಟು ಎಲ್ಲ ಮರುಭೂಮಿಗಳನ್ನೂ ಒಂದೇ ಹಾಳೆಯಲ್ಲಿ ಬೆರೆಸಿದರೆ ಮಗುವಿಗೆ ಕೆಲವು ಪದಗಳು ಸಿಗುತ್ತವೆ, ಜಾಗ ಸಿಗುವುದಿಲ್ಲ. ಆರು ವರ್ಷದ ಮಗುವಿಗೂ ನಿಜವಾದ ಒಂದು ಜಾಗವನ್ನು ಕೊಡಬೇಕು ಎಂಬುದರಲ್ಲಿ ನನಗೆ ರಾಜಿ ಇಲ್ಲ.

ಸೊನೋರನ್ ಮರುಭೂಮಿಯ ವಿಸ್ತಾರ ಸುಮಾರು 2,60,000 ಚದರ ಕಿಲೋಮೀಟರು, ಅಂದರೆ ಇಡೀ ಕರ್ನಾಟಕಕ್ಕಿಂತ ದೊಡ್ಡದು. ಅದರೊಳಗಿನ ಟೂಸಾನ್ ನಗರದಲ್ಲಿ ವರ್ಷಕ್ಕೆ ಸುಮಾರು 300 ಮಿಲಿಮೀಟರ್ ಮಳೆ ಬೀಳುತ್ತದೆ, ಅದೂ ಎರಡು ಕಾಲಗಳಲ್ಲಿ: ಚಳಿಗಾಲದಲ್ಲಿ ಮೆತ್ತಗೆ, ಬೇಸಿಗೆಯ ಕೊನೆಗೆ ಗುಡುಗು ಮಿಂಚಿನೊಡನೆ. ಅವರೂ ಅದನ್ನು ಮಾನ್ಸೂನ್ ಎಂದೇ ಕರೆಯುತ್ತಾರೆ. ಈ ಎರಡು ಮಳೆಗಳಿಂದಾಗಿ ಅಲ್ಲಿ ಜೀವಸಂಕುಲ ಸಮೃದ್ಧ. ಮರಳಿಗಿಂತ ಕಲ್ಲು, ಕುರುಚಲು ಮರ, ಕಳ್ಳಿಗಳೇ ಹೆಚ್ಚು. ಚಳ್ಳಕೆರೆ, ಮೊಳಕಾಲ್ಮೂರಿನ ಕಡೆಯಿಂದ ಬಂದವರಿಗೆ ಅಲ್ಲಿನ ಗುಡ್ಡಗಳ ಬಣ್ಣ ಅಪರಿಚಿತ ಅನ್ನಿಸಲಾರದು.

ಈ ಜಾಗವನ್ನು ಮಕ್ಕಳ ಪುಸ್ತಕಕ್ಕೆ ಗಂಭೀರವಾಗಿ ತಂದವರಲ್ಲಿ ಮೊದಲು ನೆನೆಯಬೇಕಾದ ಹೆಸರು ಬರ್ಡ್ ಬೇಲರ್ ಅವರದು. 1924ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡ ಈ ಲೇಖಕಿ ಬಾಳಿನ ಬಹುಭಾಗವನ್ನು ಆರಿಜೋನದಲ್ಲಿ ಕಳೆದರು. ಅವರ ‘ದ ಡೆಸರ್ಟ್ ಈಸ್ ದೇರ್ಸ್’ 1975ರಲ್ಲಿ ಬಂತು; ಅದಕ್ಕೆ ಪೀಟರ್ ಪಾರ್ನಲ್ ಬರೆದ ಚಿತ್ರಗಳು ಮರುವರ್ಷ, ಚಿತ್ರಪುಸ್ತಕಗಳಿಗೆ ಸಲ್ಲುವ ಕಾಲ್ಡೆಕಾಟ್ ಗೌರವ ಪಡೆದವು. ಪಾರ್ನಲ್ ಅವರ ಪುಟವನ್ನು ಹತ್ತಿರದಿಂದ ನೋಡಬೇಕು. ಕೂದಲೆಳೆಯಷ್ಟು ತೆಳ್ಳನೆಯ ಶಾಯಿಗೆರೆಯಲ್ಲಿ ಒಂದು ಗುಡ್ಡ, ಅದೇ ಗೆರೆ ಮುಂದುವರಿದು ಒಂದು ಗಿಡುಗ. ಉಳಿದದ್ದು ಬಿಳಿ ಕಾಗದ. ಬೇಲರ್ ಅವರ ಗದ್ಯವನ್ನು ಪದ್ಯದಂತೆ ಚಿಕ್ಕ ಚಿಕ್ಕ ಸಾಲುಗಳಾಗಿ ಒಡೆದು ಅಚ್ಚುಹಾಕಿದ್ದಾರೆ. ಮೂರು ನಾಲ್ಕು ಪದಕ್ಕೆ ಸಾಲು ಮುಗಿಯುತ್ತದೆ, ಉಸಿರು ನಿಲ್ಲುತ್ತದೆ, ಕಣ್ಣು ಮುಂದಿನ ಸಾಲಿಗೆ ಸುಲಭವಾಗಿ ಇಳಿಯುತ್ತದೆ. ಓದು ಕಲಿಯುವ ಮಗುವಿಗೆ ಉದ್ದ ಸಾಲು ಎಷ್ಟು ದೊಡ್ಡ ತೊಡಕು ಎಂದು ಬಲ್ಲವರಿಗೆ ಈ ಅಚ್ಚಿನ ಬೆಲೆ ಗೊತ್ತಾಗುತ್ತದೆ. ನಮ್ಮ ಮಕ್ಕಳ ಪುಸ್ತಕಗಳಲ್ಲಿ ಪುಟ ತುಂಬ ಬಣ್ಣ, ಮೂಲೆ ಮೂಲೆಗೆ ಹೂವು ತುಂಬುವ ಆತುರ ಕಾಣುವಾಗಲೆಲ್ಲ ನನಗೆ ಪಾರ್ನಲ್ ನೆನಪಾಗುತ್ತಾರೆ.

ಆ ಬಳಿಕ ಬಂದವರು ಹಲವರು. ಬ್ರೆಂಡಾ ಗೈಬರ್ಸನ್ ಬರೆದು ಮೇಗನ್ ಲಾಯ್ಡ್ ಚಿತ್ರಿಸಿದ ‘ಕ್ಯಾಕ್ಟಸ್ ಹೋಟೆಲ್’ 1991ರದು. ಸೂಸನ್ ಲೊವೆಲ್ ಅವರ ‘ದ ತ್ರೀ ಲಿಟಲ್ ಹಾವೆಲಿನಾಸ್’ 1992ರದು. ಮಾರ್ಷ್ ಮತ್ತು ಜೆನಿಫರ್ ವಾರ್ಡ್ ಸೇರಿ 1998ರಲ್ಲಿ ತಂದ ‘ವೇ ಔಟ್ ಇನ್ ದ ಡೆಸರ್ಟ್’ ಹಳೆಯ ಎಣಿಕೆ ಹಾಡೊಂದರ ಧಾಟಿಯಲ್ಲಿ ಮರುಭೂಮಿಯ ತಾಯಿ ಮರಿಗಳನ್ನು ಒಂದರಿಂದ ಹತ್ತರವರೆಗೆ ಎಣಿಸುತ್ತದೆ. ಏಪ್ರಿಲ್ ಪುಲ್ಲಿ ಸೇಯರ್ ಬರೆದು ಬಾರ್ಬರಾ ಬ್ಯಾಷ್ ಚಿತ್ರ ಬರೆದ ಕಪ್ಪೆಯ ಕಥೆ ‘ಡಿಗ್, ವೇಟ್, ಲಿಸನ್’ 2001ರದು. ಇವನ್ನೆಲ್ಲ ವಿವರಿಸುತ್ತ ಹೋದರೆ ಹೊತ್ತು ಸಾಲದು. ಎರಡನ್ನು ಮಾತ್ರ ಬಿಡಿಸಿ ನೋಡೋಣ. ಮೊದಲನೆಯದು ಕಪ್ಪೆಯದು.

ಸ್ಪೇಡ್‌ಫುಟ್ ಎಂಬ ಈ ಕಪ್ಪೆಯ ಹಿಂಗಾಲಿನಲ್ಲಿ ಗುದ್ದಲಿಯ ಅಲಗಿನಂಥ ಗಟ್ಟಿ ಅಂಚೊಂದಿದೆ. ಅದರಿಂದ ಹಿಂದು ಹಿಂದಕ್ಕೆ ಮಣ್ಣು ತೋಡುತ್ತ ನೆಲದೊಳಕ್ಕೆ ಇಳಿದು, ವರ್ಷದ ಹೆಚ್ಚಿನ ತಿಂಗಳುಗಳನ್ನು ಅಲ್ಲೇ ಕಳೆಯುತ್ತದೆ. ಬೇಸಿಗೆಯ ಮಳೆ ಗುಡುಗಿ ನೆಲ ಅದುರಿದಾಗ ಮೇಲೆ ಬರುತ್ತದೆ. ಮಳೆನೀರು ನಿಂತ ಹೊಂಡ ಒಣಗುವ ಮೊದಲೇ ಮೊಟ್ಟೆ ಇಟ್ಟು ಮರಿಯಾಗಬೇಕಲ್ಲ! ಬಾಲದ ಮರಿ ಎಂಟು ಹತ್ತು ದಿನಗಳಲ್ಲೇ ಕಾಲು ಮೂಡಿ ಕಪ್ಪೆಯಾಗಿಬಿಡಬಲ್ಲದು. ಸೇಯರ್ ಅವರ ಪುಸ್ತಕ ಈ ಕಾಯುವಿಕೆಯನ್ನೇ ಕಥೆಯ ಹಂದರ ಮಾಡಿಕೊಂಡಿದೆ. ಹೆಣ್ಣು ಕಪ್ಪೆ ನೆಲದೊಳಗಿದೆ. ಮೇಲೆ ಏನೋ ಸದ್ದು. ಮಳೆಯೇ? ಅಲ್ಲ, ಚೇಳು. ಮತ್ತೊಂದು ಸದ್ದು. ಮಳೆಯೇ? ಅಲ್ಲ, ಬೇರೊಂದು ಪ್ರಾಣಿ. ಪುಟದಿಂದ ಪುಟಕ್ಕೆ ಸದ್ದು, ಪ್ರಶ್ನೆ, ಉತ್ತರ; ಕೊನೆಗೆ ನಿಜವಾದ ಮಳೆ.

ಇದರಲ್ಲಿ ಶಿಕ್ಷಕರಿಗೆ ಸಿಗುವುದೇನು? ಒಂದು, ಮರುಕಳಿಸುವ ಪ್ರಶ್ನೆ. ಎರಡು ಪುಟ ಕೇಳುವಷ್ಟರಲ್ಲಿ ಮಕ್ಕಳು ತಾವಾಗಿ ಆ ಪ್ರಶ್ನೆಯನ್ನು ಹೇಳತೊಡಗುತ್ತಾರೆ. ನ್ಯೂಜಿಲೆಂಡಿನ ಡಾನ್ ಹೋಲ್ಡವೇ ದೊಡ್ಡ ಅಕ್ಷರದ ಪುಸ್ತಕವನ್ನು ತರಗತಿಯ ಮುಂದೆ ನಿಲ್ಲಿಸಿ, ಸಾಲಿನ ಕೆಳಗೆ ಬೆರಳು ಓಡಿಸುತ್ತ, ಎಲ್ಲರೂ ಕೂಡಿ ಓದುವ ಪದ್ಧತಿಯನ್ನು ರೂಪಿಸಿ 1979ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. ಆ ಪದ್ಧತಿ ನಡೆಯುವುದು ಇಂಥ ಮರುಕಳಿಕೆಯ ಬಲದ ಮೇಲೆ. ಬಾಯಿಗೆ ಬಂದ ಮಾತು ಕಣ್ಣೆದುರಿನ ಅಕ್ಷರಕ್ಕೆ ಹೊಂದುತ್ತದೆ ಎಂಬ ಅರಿವು ಮಗುವಿಗೆ ಮೊದಲ ಸಲ ಅಲ್ಲಿ ಆಗುತ್ತದೆ.

ಎರಡನೆಯದು ಸದ್ದು. ಇಲ್ಲಿ ಕನ್ನಡ ಶಿಕ್ಷಕರ ಕೈಯಲ್ಲಿ ಆ ಪುಸ್ತಕದ ಲೇಖಕಿಗೂ ಇಲ್ಲದ ಒಂದು ಸಲಕರಣೆ ಇದೆ. ಸರಸರ, ಗರಗರ, ಪಟಪಟ, ಟಪಟಪ, ಚಟಪಟ, ಬಡಬಡ, ದಡದಡ, ಜಣಜಣ. ಈ ಪದಗಳನ್ನು ಕರಿಹಲಗೆಯ ಮೇಲೆ ಬರೆದುಕೊಂಡು ನೋಡಿ. ಒಂದರಲ್ಲೂ ಗುಣಿತವಿಲ್ಲ, ಒತ್ತಿಲ್ಲ. ಕನ್ನಡದ ಮಗು 34 ವ್ಯಂಜನಗಳಿಗೆ ಕಾಗುಣಿತ ಕೂಡಿಸಿ ನಾನೂರಕ್ಕೂ ಹೆಚ್ಚು ರೂಪಗಳನ್ನು ಗುರುತಿಸಬೇಕು. ಅದರ ಮೇಲೆ ಒತ್ತಕ್ಷರಗಳು. ಬೆಂಗಳೂರಿನ ಮಕ್ಕಳ ಕನ್ನಡ ಓದಿನ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವು ಅಕ್ಷರ ಕಲಿಕೆ ನಾಲ್ಕನೆಯ ತರಗತಿಯಲ್ಲೂ ಮುಂದುವರಿದಿರುತ್ತದೆ ಎಂದು ತೋರಿಸಿತು. ಅಷ್ಟು ದೀರ್ಘ ದಾರಿಯಲ್ಲಿ, ಬರೀ ಎಂಟು ಹತ್ತು ಅಕ್ಷರ ಬಲ್ಲ ಮಗು ಮೊದಲ ತಿಂಗಳುಗಳಲ್ಲೇ ಅರ್ಥವುಳ್ಳ ಏನನ್ನಾದರೂ ಓದಬೇಕಲ್ಲ? ನಮ್ಮ ಪಾಠಗಳು ಆಗ ಸರ, ದರ, ರಥ, ಬಸವ ಎಂದು ಒಂದಕ್ಕೊಂದು ಸಂಬಂಧವಿಲ್ಲದ ಪದಗಳನ್ನು ಜೋಡಿಸುತ್ತವೆ. ಕಪ್ಪೆಯ ಕಥೆಯಲ್ಲಿ ಅದೇ ‘ಸರಸರ’ ಒಂದು ಘಟನೆಯಾಗುತ್ತದೆ. ಮೇಲೆ ಯಾರೋ ಹೋಗುತ್ತಿದ್ದಾರೆ, ಕಪ್ಪೆ ಕಿವಿಗೊಟ್ಟಿದೆ, ಮಗು ಓದಿ ಹೇಳಬೇಕು.

ಚಿತ್ರದುರ್ಗ ಜಿಲ್ಲೆಯ ಒಂದು ಸರಕಾರಿ ಶಾಲೆಯ ನಲಿಕಲಿ ಕೊಠಡಿಯಲ್ಲಿ ಶಿಕ್ಷಕಿಯೊಬ್ಬರು ಈ ಪುಸ್ತಕದ ಚಿತ್ರ ತೋರಿಸುತ್ತ ಕನ್ನಡದಲ್ಲಿ ಕಥೆ ಹೇಳಿದ್ದನ್ನು ನಾನು ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದೆ. ಚೇಳಿನ ಪುಟ ಬಂದಾಗ ಅವರು ಹಲಗೆಯ ಮೇಲೆ ‘ಸರಸರ’ ಎಂದು ಬರೆದರು. ಮಕ್ಕಳು ಓದಿದರು. ಒಬ್ಬ ಹುಡುಗಿ ಒಪ್ಪಲಿಲ್ಲ. ‘ಚೇಳು ಹೋದ್ರೆ ಸದ್ದೇ ಆಗಲ್ಲ ಟೀಚರ್, ನಮ್ಮನೆ ಹತ್ರ ನೋಡೀನಿ.’ ಶಿಕ್ಷಕಿ ಗದರಲಿಲ್ಲ. ‘ನೀನು ಮಣ್ಣೊಳಗೆ ಇದ್ರೆ? ನಿನ್ನ ತಲೆ ಮೇಲೇ ಅದು ಹೋಗ್ತಾ ಇದ್ರೆ?’ ಎಂದರು. ಹುಡುಗಿ ನೆಲಕ್ಕೆ ಕಿವಿಯಿಟ್ಟು ಮಲಗಿದಳು; ಪಕ್ಕದ ಹುಡುಗ ನೆಲದ ಮೇಲೆ ಉಗುರು ಆಡಿಸಿದ. ಎದ್ದು, ‘ಗರಗರ’ ಅಂದಳು. ‘ಸರಸರ’ ಅಳಿಸಿ ‘ಗರಗರ’ ಬಂತು. ‘ಸ’ ಇದ್ದಲ್ಲಿ ‘ಗ’ ಬಂತು, ಉಳಿದದ್ದು ಹಾಗೇ ಇದೆ ಎಂದು ಇನ್ನೊಂದು ಮಗು ತಾನೇ ಕಂಡುಹಿಡಿದು ಕೂಗಿತು. ಧ್ವನಿಜಾಗೃತಿ ಎಂದು ತರಬೇತಿಗಳಲ್ಲಿ ನಾವು ಗಂಟೆಗಟ್ಟಲೆ ಹೇಳುವುದು ಆ ಕೂಗಿನಲ್ಲಿತ್ತು. ಆಮೇಲೆ ಮಕ್ಕಳು, ಮುಂಗಾರಿನ ಮೊದಲ ಮಳೆಗೆ ತಮ್ಮ ಹೊಲದಲ್ಲೂ ಮಣ್ಣಿನಿಂದ ಎದ್ದು ಬರುವ ಕಪ್ಪೆಗಳ ವಿಷಯ ಎತ್ತಿದರು. ನೆಲ ಕೊರೆದು ಕೂರುವ ಕಪ್ಪೆಗಳು ನಮ್ಮಲ್ಲೂ ಇವೆ. ದೂರದ ಕಪ್ಪೆ ಕಂಡ ಮೇಲೆ ಹತ್ತಿರದ ಕಪ್ಪೆ ಮಾತಿಗೆ ಬಂತು. ಪರಿಚಿತದಿಂದ ಅಪರಿಚಿತಕ್ಕೆ ಎಂಬ ಸೂತ್ರ ತಿರುಗಿ ನಡೆದದ್ದನ್ನು ಗಮನಿಸಿ.

ಇನ್ನು ಎರಡನೆಯ ವಿಷಯಕ್ಕೆ, ಕಾಲದ ಕೆಲಸಕ್ಕೆ, ಬರುತ್ತೇನೆ.

‘ಕ್ಯಾಕ್ಟಸ್ ಹೋಟೆಲ್’ ಒಂದು ಸವಾರೊ ಕಳ್ಳಿಯ ಇನ್ನೂರು ವರ್ಷದ ಜೀವನಚರಿತ್ರೆ. ಕೆಂಪು ಹಣ್ಣೊಂದು ಬೀಳುತ್ತದೆ, ಇಲಿಯೊಂದು ತಿನ್ನುತ್ತದೆ, ಮೀಸೆಗೆ ಅಂಟಿದ ಬೀಜ ಪಾಲೊವರ್ಡೆ ಎಂಬ ಮರದ ಕೆಳಗೆ ಉದುರುತ್ತದೆ. ಆ ಮರದ ನೆರಳೇ ಸಸಿಯನ್ನು ಬಿಸಿಲಿನಿಂದಲೂ ಚಳಿಯಿಂದಲೂ ಕಾಯುವ ದಾದಿ. ಹತ್ತು ವರ್ಷಕ್ಕೆ ಕಳ್ಳಿಯ ಎತ್ತರ 4 ಇಂಚು. ಇಪ್ಪತ್ತೈದಕ್ಕೆ 2 ಅಡಿ. ಐವತ್ತಕ್ಕೆ 10 ಅಡಿ, ಮೊದಲ ಹೂವು. ಮರಕುಟಿಗ ಬಂದು ಗೂಡು ಕೊರೆಯುತ್ತದೆ. ಮರಕುಟಿಗ ಬಂದು ಗೂಡು ಕೊರೆಯುತ್ತದೆ. ಮರಕುಟಿಗ ಬಿಟ್ಟ ಗೂಡಿಗೆ ಪುಟ್ಟ ಗೂಬೆ ಬರುತ್ತದೆ. ನೂರೈವತ್ತಕ್ಕೆ 50 ಅಡಿ, ಮೈತುಂಬ ಬಿಡಾರಗಳು. ಇನ್ನೂರಕ್ಕೆ ಗಾಳಿಗೆ ಉರುಳುತ್ತದೆ. ಉರುಳಿದ ಕಾಂಡದಲ್ಲಿ ಬೇರೆಯೇ ಜೀವಿಗಳು ಮನೆ ಮಾಡುತ್ತವೆ. ಪ್ರತಿ ತಿರುವಿನಲ್ಲಿ ವರ್ಷದ ಸಂಖ್ಯೆ ಬರುತ್ತದೆ. ಕಥೆಗೆ ನಾಯಕನಿಲ್ಲ, ಖಳನಿಲ್ಲ. ಕಾಲ ಕಳೆಯುವುದೇ ಕಥೆ.

ಆರೇಳು ವರ್ಷದ ಮಕ್ಕಳಿಗೆ ಹಿಂದೆ, ಮುಂದೆ, ಆಮೇಲೆ, ಅಷ್ಟರಲ್ಲಿ ಎಂಬ ಮಾತುಗಳು ಕಷ್ಟ. ಓದಿದ್ದನ್ನು ಕ್ರಮವಾಗಿ ಹೇಳು ಎಂದರೆ ನೆನಪಿಗೆ ಬಂದದ್ದರಿಂದ ಆರಂಭಿಸುತ್ತಾರೆ. ಈ ಪುಸ್ತಕವನ್ನು ಹಿಡಿದು ಶಾಲೆಯ ಅಂಗಳದಲ್ಲಿ ಮಾಡಬಹುದಾದ ಒಂದು ಚಟುವಟಿಕೆಯನ್ನು ವಿವರಿಸುತ್ತೇನೆ. ಒಂದು ದಾರವನ್ನು ಅಂಗಳದುದ್ದಕ್ಕೆ 50 ಅಡಿ ಎಳೆಯಿರಿ. ನಾಲ್ಕು ಇಂಚಿಗೆ ಒಂದು ಚೀಟಿ, ಎರಡು ಅಡಿಗೆ ಒಂದು, ಹತ್ತು ಅಡಿಗೆ ಒಂದು, ಹದಿನೆಂಟಕ್ಕೆ ಒಂದು. ಮೊದಲ ಚೀಟಿಗಳು ಒತ್ತಾಗಿ ಕೂರುತ್ತವೆ. ಆಮೇಲಿನವು ದೂರ ದೂರ. ಮಕ್ಕಳು ದಾರದ ಪಕ್ಕದಲ್ಲಿ ನಡೆದು ಚೀಟಿ ಬರೆಯಬೇಕು. ‘ನನಗೆ 6 ವರ್ಷ. ಕಳ್ಳಿಗೆ 6 ವರ್ಷ. ನಾನು ಎತ್ತರ.’ ‘ಅಜ್ಜಿಗೆ 60 ವರ್ಷ. ಕಳ್ಳಿಗೆ 60 ವರ್ಷ. ಕಳ್ಳಿ ಎತ್ತರ.’ ಎರಡು ಮೂರು ಪದದ ವಾಕ್ಯಗಳು. ಪ್ರತಿಯೊಂದೂ ಸತ್ಯ, ಪ್ರತಿಯೊಂದೂ ಆ ಮಗುವಿನದೇ. ನಕಲು ಬರಹದಿಂದ ಸ್ವಂತ ಬರಹಕ್ಕೆ ಮಗು ಕಾಲಿಡುವುದು ಹೀಗೆ.

ಮೂರನೆಯ ತರಗತಿಯವರಿದ್ದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಟೂಸಾನ್ ಬಳಿಯ ಸವಾರೊ ರಾಷ್ಟ್ರೀಯ ಉದ್ಯಾನದವರು ಕೊಡುವ ಲೆಕ್ಕದಲ್ಲಿ ಮೊದಲ ಎಂಟು ವರ್ಷಕ್ಕೆ ಗಿಡ ಒಂದರಿಂದ ಒಂದೂವರೆ ಇಂಚು ಮಾತ್ರ ಬೆಳೆಯುತ್ತದೆ. ಪುಸ್ತಕದ ಲೆಕ್ಕಕ್ಕಿಂತ ಇದು ನಿಧಾನ. ಮಳೆ, ನೆಲ, ನೆರಳು ಬದಲಾದಂತೆ ಬೆಳವಣಿಗೆಯೂ ಬದಲಾಗುತ್ತದೆ. ಎರಡು ಪುಸ್ತಕ ಎರಡು ಮಾತು ಹೇಳಿದರೆ ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಎಂಟು ವರ್ಷದ ಮಕ್ಕಳ ಮುಂದಿಡಲು ನಾವು ಹಿಂಜರಿಯಬಾರದು.

ಈ ಮಾಹಿತಿಯೆಲ್ಲ ವಿಜ್ಞಾನದ ಪಾಠವಾಯಿತು, ಓದಿನ ಪಾಠ ಎಲ್ಲಿ ಎಂದು ಕೇಳುವವರಿಗೆ ಎರಡು ಸಂಶೋಧನೆಗಳನ್ನು ನೆನಪಿಸುತ್ತೇನೆ. ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲಿ ಓದನ್ನು ಒಂದು ಗುಣಾಕಾರವಾಗಿ ಕಂಡರು. ಅಕ್ಷರ ಬಿಡಿಸುವ ಶಕ್ತಿ ಮತ್ತು ಭಾಷೆಯನ್ನು ಗ್ರಹಿಸುವ ಶಕ್ತಿ, ಇವೆರಡರ ಗುಣಲಬ್ಧವೇ ಓದು. ಒಂದು ಸೊನ್ನೆಯಾದರೆ ಫಲವೂ ಸೊನ್ನೆ. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬ ಇಬ್ಬರು ಸಂಶೋಧಕರು ಬೇಸ್‌ಬಾಲ್ ಆಟದ ವಿವರಣೆಯೊಂದನ್ನು ಮಕ್ಕಳಿಗೆ ಓದಿಸಿದರು. ಓದಿನಲ್ಲಿ ಹಿಂದುಳಿದಿದ್ದರೂ ಆಟ ಬಲ್ಲ ಮಕ್ಕಳು, ಚೆನ್ನಾಗಿ ಓದಬಲ್ಲ ಆದರೆ ಆಟ ಅರಿಯದ ಮಕ್ಕಳಿಗಿಂತ ಹೆಚ್ಚು ಅರ್ಥಮಾಡಿಕೊಂಡಿದ್ದರು. ಲೋಕದ ತಿಳಿವಳಿಕೆ ಓದಿನ ಒಳಗೇ ಇದೆ. ಮೂರನೆಯ ತರಗತಿಯ ಹೊತ್ತಿಗೆ ಪ್ರತಿ ಮಗು ಅರ್ಥಮಾಡಿಕೊಂಡು ಓದಬೇಕೆಂದು 2021ರ ನಿಪುಣ್ ಭಾರತ್ ಯೋಜನೆ ಗುರಿಯಿಟ್ಟಿದೆ. ಗುರಿ ತಲುಪಲು ನಿಮಿಷಕ್ಕೆ ಎಷ್ಟು ಪದ ಎಂದು ಅಳೆಯುತ್ತಲೇ ಕೂತರೆ ಗುಣಾಕಾರದ ಒಂದು ಕಡೆಯನ್ನು ಮಾತ್ರ ಬೆಳೆಸಿದಂತಾಗುತ್ತದೆ.

ಇಲ್ಲಿ ಶಿವರಾಮ ಕಾರಂತರನ್ನು ನೆನೆಯದೆ ಮುಂದೆ ಹೋಗಲಾರೆ. 1930ರ ದಶಕದಲ್ಲೇ ಅವರು ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಕನ್ನಡದ ಮಕ್ಕಳಿಗಾಗಿ ತಂದರು. ಹಳ್ಳಿಯ ಮಗುವಿಗೆ ಇಡೀ ಜಗತ್ತಿನ ಮೇಲೆ ಹಕ್ಕಿದೆ ಎಂದು ನಂಬಿದವರು ಮಾಡಿದ ಕೆಲಸ ಅದು.

ಮೂರನೆಯ ಮಾತು ಜನರದು. ಇದನ್ನು ಚಿಕ್ಕದಾಗಿ ಹೇಳುತ್ತೇನೆ, ಆದರೆ ಇದು ಚಿಕ್ಕ ಮಾತಲ್ಲ. ಮರುಭೂಮಿಯ ಪುಸ್ತಕಗಳಲ್ಲಿ ಪ್ರಾಣಿ, ಗಿಡ ಧಾರಾಳ, ಮನುಷ್ಯರು ವಿರಳ. ಆದರೆ ಸೊನೋರನ್ ಮರುಭೂಮಿ ಟೊಹೊನೊ ಓಧಮ್ ಜನರ ತಾಯ್ನಾಡು. ಬೇಲರ್ ಅವರ 1975ರ ಪುಸ್ತಕ ಇರುವುದೇ ಇವರ ಬಗ್ಗೆ. ಆಗ ಹೊರಗಿನವರು ಇವರನ್ನು ಪಪಾಗೊ ಎಂದು ಕರೆಯುತ್ತಿದ್ದರು. 1986ರಲ್ಲಿ ಅವರು ತಮ್ಮದೇ ಹೆಸರನ್ನು ಅಧಿಕೃತವಾಗಿ ಹಿಂದಕ್ಕೆ ಪಡೆದರು. ಜೂನ್ ಕೊನೆಯಲ್ಲಿ, ಮಳೆಗೆ ಮುಂಚೆ, ಸತ್ತ ಸವಾರೊದ ಉದ್ದನೆಯ ಪಕ್ಕೆಲುಬುಗಳಿಂದ ಮಾಡಿದ ದೋಟಿಯಲ್ಲಿ ಬದುಕಿರುವ ಸವಾರೊದ ಹಣ್ಣು ಕೆಡವುತ್ತಾರೆ, ಕುದಿಸಿ ಪಾಕ ಮಾಡುತ್ತಾರೆ, ಮಳೆಯನ್ನು ಕರೆಯುವ ಆಚರಣೆ ನಡೆಸುತ್ತಾರೆ. ಈ ವಾಕ್ಯಗಳನ್ನು ವರ್ತಮಾನ ಕಾಲದಲ್ಲೇ ಹೇಳಬೇಕು. ಹಿಂದೆ ಒಂದು ಕಾಲದಲ್ಲಿ ಎಂದು ಹೇಳಿದರೆ ಇಂದು ಬದುಕಿರುವ ಜನರನ್ನು ಮಗುವಿನ ಮನಸ್ಸಿನಲ್ಲಿ ಕಥೆಗೆ ತಳ್ಳಿದಂತೆ.

ಇದರ ಜೊತೆಗೇ ಮತ್ತೊಂದು ಪ್ರಶ್ನೆ ಬರುತ್ತದೆ: ದೂರದ ಪುಸ್ತಕವನ್ನು ನಮ್ಮೂರಿಗೆ ತಂದು ಬದಲಿಸಿಕೊಳ್ಳಬಹುದೆ? ಕಥೆಯಾದರೆ ಧಾರಾಳವಾಗಿ. ಬ್ರೌನಿಂಗ್ ಕವಿಯ ಹ್ಯಾಮಲಿನ್ ಕುವೆಂಪು ಅವರ ಕೈಯಲ್ಲಿ ಬೊಮ್ಮನಹಳ್ಳಿಯಾಯಿತು, ಕನ್ನಡಕ್ಕೆ ಕಿಂದರಿಜೋಗಿ ಸಿಕ್ಕ. ಸೂಸನ್ ಲೊವೆಲ್ ಕೂಡ ಮೂರು ಹಂದಿಮರಿಗಳ ಹಳೆಯ ಕಥೆಯನ್ನು ಹಾಗೆಯೇ ಮರುಭೂಮಿಗೆ ತಂದಿದ್ದಾರೆ. ಹಂದಿಗಳ ಬದಲು ಅಲ್ಲಿನ ಹಾವೆಲಿನಾಗಳು, ತೋಳನ ಬದಲು ಕಯೋಟಿ. ಮನೆಗಳು ಗಾಳಿಗೆ ಉರುಳುವ ಒಣಮುಳ್ಳಿನದು, ಸವಾರೊ ಪಕ್ಕೆಲುಬಿನದು, ಹಸಿ ಇಟ್ಟಿಗೆಯದು. ನಮ್ಮ ಮಕ್ಕಳು ಜೋಳದ ದಂಟು, ತೆಂಗಿನ ಗರಿ, ಮಣ್ಣಿನ ಗೋಡೆ ಎಂದು ತಮ್ಮದೇ ಕಥೆ ಕಟ್ಟಬಹುದು, ಕಟ್ಟಲಿ. ಆದರೆ ಸವಾರೊದ ಜೀವನಚರಿತ್ರೆಯನ್ನು ಹಾಗೆ ಸ್ಥಳಾಂತರಿಸಲು ಬಾರದು. ಅದನ್ನು ಹೊಸಪೇಟೆಗೆ ತಂದು ನೆಟ್ಟರೆ ಅದು ಸುಳ್ಳಾಗುತ್ತದೆ. ಯಾವುದು ಊರು ಬದಲಿಸಬಲ್ಲದು, ಯಾವುದು ಬದಲಿಸಲಾರದು ಎಂಬ ವಿವೇಚನೆ ಅನುವಾದಕರಿಗೂ ಶಿಕ್ಷಕರಿಗೂ ಬೇಕು.

ಇನ್ನು ನಮ್ಮ ಕೊಠಡಿಗೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಮೂರು ಹಂತದ ಮಕ್ಕಳಿಗೆ ಒಂದೇ ಪುಸ್ತಕ ಹೇಗೆ ಎಂಬುದು ಅಲ್ಲಿನ ನಿತ್ಯದ ಕಷ್ಟ. ಒಳ್ಳೆಯ ಮಾಹಿತಿ ಚಿತ್ರಪುಸ್ತಕ ಇದಕ್ಕೆ ಸಹಜವಾಗಿ ಒದಗುತ್ತದೆ. ಚಿಕ್ಕವರು ಸದ್ದನ್ನೂ ಮರುಕಳಿಸುವ ಸಾಲನ್ನೂ ಓದುತ್ತಾರೆ, ನಡುವಿನವರು ಕಥೆ ಓದುತ್ತಾರೆ, ದೊಡ್ಡವರು ಹಿಂಬದಿಯ ಟಿಪ್ಪಣಿ ಓದಿ ಚಿಕ್ಕವರಿಗೆ ಹೇಳುತ್ತಾರೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಹಂತವಾರು ಸಿಗುತ್ತವೆ, ಅನುವಾದಿಸಲು ಎಲ್ಲರಿಗೂ ಅವಕಾಶವಿದೆ. ಸಾಮಗ್ರಿಯಿಲ್ಲ ಎಂಬ ಮಾತು ಹಿಂದಿನಷ್ಟು ನಿಜವಲ್ಲ.

ಅಂಗಳಕ್ಕೆ ಹೋಗಿ ನೋಡುವುದಕ್ಕೂ ಇಲ್ಲಿ ದಾರಿಯಿದೆ. ನಮ್ಮ ಬೇಲಿಯ ಪಾಪಸುಕಳ್ಳಿ ಮೂಲತಃ ಅಮೆರಿಕ ಖಂಡದ್ದು, ಸವಾರೊದ ಬಳಗ. ಅದೇ ಬೇಲಿಯ ಹಾಲುಗಳ್ಳಿ ಬೇರೆಯೇ ಕುಟುಂಬ. ಎರಡಕ್ಕೂ ಮುಳ್ಳು, ಎರಡಕ್ಕೂ ದಪ್ಪ ಕಾಂಡ; ನೀರಿಲ್ಲದ ಕಡೆ ಬದುಕುವ ಉಪಾಯ ಒಂದೇ ಆದದ್ದರಿಂದ ರೂಪವೂ ಹತ್ತಿರ ಬಂದಿದೆ. ಮುರಿದರೆ ಒಂದರಿಂದ ಬಿಳಿ ಹಾಲು ಸುರಿಯುತ್ತದೆ, ಇನ್ನೊಂದರಿಂದ ಇಲ್ಲ. ಆ ಹಾಲು ಕಣ್ಣಿಗೆ ಅಪಾಯ, ಆದ್ದರಿಂದ ಮುರಿದು ತೋರಿಸುವುದು ಶಿಕ್ಷಕರ ಕೆಲಸ. ಕಂಡದ್ದನ್ನು ಎರಡು ಸಾಲಿನಲ್ಲಿ ಬರೆಯುವುದು ಮಕ್ಕಳ ಕೆಲಸ.

ಕೊನೆಯದಾಗಿ ಒಂದು ಪ್ರಸ್ತಾವವನ್ನು ಈ ಸಂಸ್ಥೆಯ ಮುಂದಿಡುತ್ತೇನೆ. ಸೊನೋರನ್ ಮರುಭೂಮಿಗೆ ಬೇಲರ್, ಗೈಬರ್ಸನ್, ಸೇಯರ್ ಮಾಡಿದ್ದನ್ನು ಥಾರ್ ಮರುಭೂಮಿಗೆ ಕನ್ನಡದಲ್ಲಿ ಮಾಡಬಹುದು, ಮತ್ತು ಅದಕ್ಕೆ ಬಾಗಿಲು ನಮ್ಮ ಊರುಗಳಲ್ಲೇ ಇದೆ. ದಸರೆಯಲ್ಲಿ ನಾವು ಪೂಜಿಸಿ, ಎಲೆಯನ್ನು ಬಂಗಾರವೆಂದು ಹಂಚಿಕೊಳ್ಳುವ ಬನ್ನಿಮರವೇ ರಾಜಸ್ಥಾನದ ಖೇಜಡಿ. ಅಲ್ಲಿ ಅದು ರಾಜ್ಯದ ಮರ. ಕಾಯಿ ಪಲ್ಯಕ್ಕೆ, ಎಲೆ ಆಡು ಒಂಟೆಗಳಿಗೆ, ನೆರಳು ಹೊಲಕ್ಕೆ. 1730ರಲ್ಲಿ ಖೇಜಡ್ಲಿ ಗ್ರಾಮದಲ್ಲಿ ಆ ಮರಗಳನ್ನು ಉಳಿಸಲು ಅಮೃತಾದೇವಿಯೂ ಸೇರಿ 363 ಬಿಷ್ಣೋಯಿಗಳು ಪ್ರಾಣ ಕೊಟ್ಟರು. ಈ ಘಟನೆಯನ್ನು ಆರು ವರ್ಷದವರಿಗೆ ಬೇಡ, ಒಂಬತ್ತು ವರ್ಷದವರಿಗೆ ಕೊಡೋಣ. ಚಿಕ್ಕವರ ಪುಸ್ತಕಕ್ಕೆ ಬನ್ನಿಮರದಿಂದ ಹೊರಟು ನೀರಿಗೆ ಹೋಗಬಹುದು. ಅನುಪಮ್ ಮಿಶ್ರ ಅವರು ‘ರಾಜಸ್ಥಾನ್ ಕಿ ರಜತ್ ಬೂಂದೇಂ’ ಕೃತಿಯಲ್ಲಿ ಕುಂಯಿ ಎಂಬ ಕಿರುಬಾವಿ ತೋಡುವುದನ್ನು ವಿವರಿಸಿದ್ದಾರೆ. ಒಬ್ಬ ಮನುಷ್ಯ ಮಾತ್ರ ಕೂರುವಷ್ಟು ಕಿರಿದಾದ ಗುಂಡಿ. ಒಳಗಿರುವವನ ತಲೆಯ ಮೇಲೆ ಟೋಪಿಯಂತೆ ಲೋಹದ ಪಾತ್ರೆ. ಮೇಲಿರುವವರು ಆಗಾಗ ಹಿಡಿ ಹಿಡಿ ಮರಳನ್ನು ರಭಸವಾಗಿ ಕೆಳಕ್ಕೆ ಎಸೆಯುತ್ತಾರೆ, ಹೊಸ ಗಾಳಿ ಇಳಿಯಲಿ, ಒಳಗಿನ ಬಿಸಿಗಾಳಿ ಮೇಲೇರಲಿ ಎಂದು. ಉದ್ದಕ್ಕೆ ತೆರೆದುಕೊಳ್ಳುವ ಒಂದು ಪುಟದಲ್ಲಿ ಇದನ್ನು ಊಹಿಸಿಕೊಳ್ಳಿ. ಮೇಲೆ ಬೆಳಕು, ಕೆಳಗೆ ಕತ್ತಲು, ನಡುವೆ ಬೀಳುತ್ತಿರುವ ಮರಳು, ಅದರ ಪಕ್ಕ ಒಂದೇ ಪದ: ‘ಜರಜರ’. ಹತ್ತು ಅಕ್ಷರ ಬಲ್ಲ ಮಗು ಆ ಪುಟವನ್ನು ತಾನೇ ಓದಬಲ್ಲದು.

ಚಿತ್ರಪುಸ್ತಕ ಸಾಮಾನ್ಯವಾಗಿ 32 ಪುಟದ್ದು, ಅಚ್ಚಿನ ಹಾಳೆ ಮಡಚುವ ಲೆಕ್ಕಕ್ಕೆ ಅದು ಹೊಂದುತ್ತದೆ. ಅಷ್ಟರೊಳಗೆ ಕರಡು ತಯಾರಾಗಲಿ. ಥಾರ್ ಬಲ್ಲವರೊಬ್ಬರು ಅದನ್ನು ತಿದ್ದಲಿ. ಅಚ್ಚಿಗೆ ಹೋಗುವ ಮೊದಲು ಮೂರು ನಾಲ್ಕು ನಲಿಕಲಿ ಕೊಠಡಿಗಳಲ್ಲಿ ಅದನ್ನು ಓದಿಸಿ, ಮಕ್ಕಳು ಯಾವ ಪುಟದಲ್ಲಿ ತಡೆದು ನೋಡಿದರು, ಯಾವ ಪುಟವನ್ನು ದಾಟಿ ಹೋದರು ಎಂದು ಶಿಕ್ಷಕರು ಬರೆದುಕೊಳ್ಳಲಿ. ದಾಟಿ ಹೋದ ಪುಟಗಳನ್ನು ಲೇಖಕರು ಮತ್ತೆ ಬರೆಯಲಿ. ಸಭೆಯಲ್ಲಿ ಚಿತ್ರಕಾರರಿದ್ದರೆ, ಥಾರ್ ಸೀಮೆಯಲ್ಲಿ ಇದ್ದು ಬಂದವರಿದ್ದರೆ, ಕಾರ್ಯಕ್ರಮ ಮುಗಿದ ಮೇಲೆ ದಯವಿಟ್ಟು ಪಕ್ಕದ ಕೊಠಡಿಗೆ ಬನ್ನಿ. ಅಧ್ಯಕ್ಷರು ಅನುಮತಿ ಕೊಟ್ಟರೆ ಪುಟಗಳ ಮೊದಲ ಪಟ್ಟಿಯನ್ನು ಇವತ್ತೇ ಹಾಕಿಕೊಳ್ಳೋಣ.